ಕೇಳಿ, ಹೇಳುತ್ತೇವೆ: ವೇದದ ಜನ ಎಲ್ಲಿಯವರು?

ವೈದಿಕ ಸಂಸ್ಕೃತಿಯ ಮೂಲದ ಬಗ್ಗೆ ಬಂದ ಪತ್ರಗಳೇ ಒಂದು ಕಟ್ಟಾಗಿವೆ. ಒಂದೇ ಬಗೆಯವನ್ನು ಕೂಡಿಸಿ ಎಂಟನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಅದಕ್ಕೂ ಮೊದಲು ಒಂದು ಗಂಟು ಬಿಡಿಸಬೇಕು. ಬಹುಪಾಲು ಪತ್ರಗಳಲ್ಲಿ ಮೂರು ಪ್ರಶ್ನೆ ಕಲಸಿಹೋಗಿವೆ. ಸಂಸ್ಕೃತದ ಹಿಂದಿನ ಭಾಷೆಯನ್ನು ಎಲ್ಲಿ ಆಡುತ್ತಿದ್ದರು? ಈ ನೆಲಕ್ಕೆ ಯಾವ ಜನ ಯಾವಾಗ ಬಂದು ಸೇರಿದರು? ಋಗ್ವೇದದ ಸೂಕ್ತಗಳನ್ನು ಎಲ್ಲಿ ಕಟ್ಟಿದರು? ಕೊನೆಯದರ ಬಗ್ಗೆ ದೊಡ್ಡ ತಕರಾರೇ ಇಲ್ಲ. ಹತ್ತನೇ ಮಂಡಲದ 75ನೇ ಸೂಕ್ತ ಗಂಗೆ, ಯಮುನೆ, ಸರಸ್ವತಿ, ಶುತುದ್ರಿ (ಇಂದಿನ ಸಟ್ಲೆಜ್), ಪರುಷ್ಣಿ (ರಾವಿ) ಎಂದು ಪೂರ್ವದಿಂದ ಪಶ್ಚಿಮಕ್ಕೆ ಹೆಸರು ಹಿಡಿದು ಕರೆಯುತ್ತಾ ಹೋಗಿ ಕುಭಾ, ಅಂದರೆ ಕಾಬೂಲ್ ನದಿಯವರೆಗೆ ಮುಟ್ಟುತ್ತದೆ. ವೇದದ ಜನರ ಪೂರ್ವಿಕರು ಹೊರಗಿನಿಂದ ಬಂದರು ಎನ್ನುವ ವಲಸೆ ವಾದದವರೂ ಇಲ್ಲಿಯವರೇ ಎನ್ನುವ ಸ್ವದೇಶಿ ವಾದದವರೂ ಸೂಕ್ತಗಳ ನೆಲ ಇದೇ ಎಂದು ಒಪ್ಪುತ್ತಾರೆ. ಜಗಳವೆಲ್ಲ ಮೊದಲೆರಡರದ್ದು.

ಪ್ರ: ನಮ್ಮ ತಂದೆಯ ಕಾಲದ ಪಠ್ಯದಲ್ಲಿ "ಆರ್ಯರು ದಂಡೆತ್ತಿ ಬಂದು ಹರಪ್ಪ ನಗರಗಳನ್ನು ನಾಶ ಮಾಡಿದರು" ಎಂದಿತ್ತಂತೆ. ಈಗ ಅದು ಸುಳ್ಳು ಎನ್ನುತ್ತಾರೆ. ಯಾವುದು ಸರಿ? (ವಿದ್ಯಾರ್ಥಿನಿ, ಹುಬ್ಬಳ್ಳಿ)

ಉ: ದಂಡಯಾತ್ರೆಯ ಕಥೆ ಬಿದ್ದುಹೋಗಿ ಅರ್ಧ ಶತಮಾನದ ಮೇಲಾಯಿತು. 1946ರಲ್ಲಿ ಹರಪ್ಪದಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್, ಅಲ್ಲಿನ ಕೋಟೆಗೋಡೆಯನ್ನೂ ಋಗ್ವೇದದ 'ಪುರಂದರ' (ಕೋಟೆ ಒಡೆಯುವವ) ಇಂದ್ರನನ್ನೂ ಜೋಡಿಸಿ, ಮೊಹೆಂಜೊದಾರೊದ ಬೀದಿಗಳಲ್ಲಿ ಸಿಕ್ಕಿದ್ದ ಅಸ್ಥಿಪಂಜರಗಳನ್ನು ಸಾಕ್ಷಿಗೆ ನಿಲ್ಲಿಸಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಆ ಪಂಜರಗಳ ಲೆಕ್ಕವನ್ನು ಮತ್ತೆ ತೆಗೆದರು. ಇದ್ದದ್ದು 40ಕ್ಕೂ ಕಡಿಮೆ. ಅವೂ ಒಂದೇ ಸ್ತರದವಲ್ಲ, ಅಂದರೆ ಒಂದೇ ದಿನ ಸತ್ತವರಲ್ಲ. ಸುಟ್ಟ ಕೋಟೆಯಿಲ್ಲ, ಚೆಲ್ಲಿದ ಬಾಣದ ಮೊನೆಗಳಿಲ್ಲ. ಮುಂದೆ ಮೂಳೆ ಪರೀಕ್ಷಿಸಿದವರಿಗೆ ಆಯುಧದ ಪೆಟ್ಟು ಎನ್ನಬಹುದಾದ ಗುರುತು ಕಂಡದ್ದು ಒಂದೆರಡರಲ್ಲಿ ಮಾತ್ರ.

ನಗರಗಳು ಕ್ರಿ.ಪೂ. 1900ರ ಸುಮಾರಿಗೆ ಖಾಲಿಯಾಗುತ್ತಾ ಬಂದವು. ಮಳೆ ಕುಗ್ಗಿತು, ನದಿ ಪಾತ್ರ ಬದಲಿಸಿತು, ಜನ ಪೂರ್ವಕ್ಕೂ ಗುಜರಾತಿನ ಕಡೆಗೂ ಚದುರಿದರು. ಈಗ ವಿದ್ವಾಂಸರು 'ವಲಸೆ' ಎನ್ನುವುದು ಇದಾದ ಮೇಲೆ ದನಕರು ಹೊಡೆದುಕೊಂಡು ಗುಂಪುಗುಂಪಾಗಿ, ಶತಮಾನಗಳ ಉದ್ದಕ್ಕೂ ಬಂದವರ ವಿಷಯ. ಪರೀಕ್ಷೆಯಲ್ಲಿ 'ಆಕ್ರಮಣ' ಎಂದು ಬರೆಯಬೇಡಿ. ಆದರೆ ಆಕ್ರಮಣ ಸುಳ್ಳಾಯಿತು, ಹಾಗಾಗಿ ವಲಸೆಯೂ ಸುಳ್ಳು ಎಂದು ಬರೆದರೂ ಅಂಕ ಸಿಗಬಾರದು.

ಪ್ರ: ಲ್ಯಾಟಿನ್, ಗ್ರೀಕ್, ಪರ್ಷಿಯನ್ ಎಲ್ಲಕ್ಕೂ ಸಂಸ್ಕೃತವೇ ತಾಯಿ ಎಂದು ಒಪ್ಪಿಬಿಟ್ಟರೆ ಸಮಸ್ಯೆಯೇ ಮುಗಿಯಿತಲ್ಲ? ಊಹೆಯ 'ಮೂಲಭಾಷೆ' ಯಾಕೆ ಬೇಕು? (ಸಂಸ್ಕೃತ ಅಧ್ಯಾಪಕರು, ಶಿರಸಿ)

ಉ: ನೀವು ದಿನಾ ಪಾಠ ಹೇಳುವ ಒಂದು ರೂಪವನ್ನೇ ತೆಗೆದುಕೊಳ್ಳೋಣ. ಕೃ ಧಾತುವಿಗೆ ಲಿಟ್ ಲಕಾರದಲ್ಲಿ, ಅಂದರೆ ಭೂತಕಾಲದ ಒಂದು ರೂಪದಲ್ಲಿ, 'ಚಕಾರ' (ಮಾಡಿದನು). ದ್ವಿತ್ವ ಬಂದ ಮೇಲೆ, ಅಂದರೆ ಧಾತುವಿನ ಮೊದಲ ಅಕ್ಷರ ಎರಡು ಸಲ ಬಂದ ಮೇಲೆ, 'ಕಕಾರ' ಆಗಬೇಕಿತ್ತು. ಗಮ್ 'ಗಗಾಮ' ಆಗದೆ 'ಜಗಾಮ' ಏಕಾಯಿತು? 'ಕುಹೋಶ್ಚುಃ' ಎಂದು ಪಾಣಿನಿ ಸೂತ್ರ ಕೊಟ್ಟರು (7.4.62): ಅಭ್ಯಾಸದ (ದ್ವಿತ್ವದಲ್ಲಿ ಮೊದಲು ಬರುವ ಅಕ್ಷರದ) ಕವರ್ಗಕ್ಕೆ ಚವರ್ಗ. ಹೀಗಾಗುತ್ತದೆ ಎಂದು ಸೂತ್ರ ಹೇಳುತ್ತದೆ. ಯಾಕೆ ಎಂಬುದು ವ್ಯಾಕರಣದ ಕೆಲಸವಲ್ಲ.

ಯಾಕೆ ಎಂಬುದಕ್ಕೆ ಕನ್ನಡದಲ್ಲೇ ದಾರಿ ಇದೆ. ನಮ್ಮ ಕಿವಿ ತಮಿಳು, ತೆಲುಗುಗಳಲ್ಲಿ ಚೆವಿ. ನಮ್ಮ ಕೆರೆ ತೆಲುಗರಿಗೆ ಚೆರುವು. ಹಳಗನ್ನಡದ ಗೆಯ್ ತಮಿಳಿನಲ್ಲಿ ಚೆಯ್. ಇ, ಎ ಸ್ವರ ಕೂಡಿದಾಗ ನಾಲಿಗೆ ಮುಂದಕ್ಕೆ ಸರಿದು ಕಕಾರ ಚಕಾರವಾಗುತ್ತದೆ. ಕನ್ನಡ ಇದನ್ನು ಮಾಡಲಿಲ್ಲ, ನೆರೆಯವು ಮಾಡಿದವು. ಅ, ಒ ಸ್ವರ ಕೂಡಿದಾಗ ಹೀಗಾಗುವುದಿಲ್ಲ.

ಈಗ ಸಂಸ್ಕೃತಕ್ಕೆ ಬನ್ನಿ. 'ನೋಡಿದ್ದಾನೆ' ಎಂಬುದಕ್ಕೆ ಸಂಸ್ಕೃತ 'ದದರ್ಶ', ಗ್ರೀಕ್ 'ದೆದೊರ್ಕೆ'. ಗ್ರೀಕಿನಲ್ಲಿ ದ್ವಿತ್ವದ ಅಕ್ಷರಕ್ಕೆ ಎ, ಧಾತುವಿಗೆ ಒ. ಸಂಸ್ಕೃತದಲ್ಲಿ ಎರಡೂ ಕಡೆ ಅ. ಇದೇ ಅಚ್ಚಿನಲ್ಲಿ 'ಚಕಾರ'ದ ಹಿಂದಿನ ರೂಪ 'ಕೆ-ಕೊರ್' ಎಂಬಂಥದ್ದು ಎಂದಿಟ್ಟುಕೊಳ್ಳಿ. ಎಕಾರ ಕೂಡಿದ ಕ (ಕೆ), ಚ ಆಯಿತು. ಒಕಾರ ಕೂಡಿದ ಕ (ಕೊ) ಹಾಗೇ ಉಳಿಯಿತು. ಆಮೇಲೆ ಎ, ಒ ಎರಡೂ ಅಕಾರದಲ್ಲಿ ಕರಗಿದವು. ಕಾರಣ ಹೋಯಿತು, ಗುರುತು ಉಳಿಯಿತು. 'ಮತ್ತು' ಎಂಬ ಅರ್ಥದ 'ಚ' ಲ್ಯಾಟಿನ್ನಿನಲ್ಲಿ 'ಕ್ವೆ' ಆಗಿರುವುದೂ ಇದೇ ಲೆಕ್ಕ. ಎಲ್ಲವೂ ಅ ಆಗಿರುವ ಸಂಸ್ಕೃತದಿಂದ ಗ್ರೀಕರು ಸರಿಯಾದ ಜಾಗದಲ್ಲಿ ಎ, ಸರಿಯಾದ ಜಾಗದಲ್ಲಿ ಒ ಹುಟ್ಟಿಸಿಕೊಳ್ಳಲು ಸಾಧ್ಯವಿಲ್ಲ. ಅವರ ಎಕಾರ ಬರುವ ಕಡೆಯೇ ನಮ್ಮ ಚಕಾರ ಬರುವುದನ್ನು ಕಾಕತಾಳೀಯ ಎಂದು ತಳ್ಳಿಹಾಕಲೂ ಆಗದು. ಆದ್ದರಿಂದ ಸಂಸ್ಕೃತ ಹಿರಿಯ ಅಕ್ಕ ಆಗಬಹುದು, ತಾಯಿ ಆಗಲಾರಳು. 1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಕೂಡ, ಇವೆಲ್ಲವೂ ಬಹುಶಃ ಈಗ ಉಳಿದಿರದ ಒಂದು ಸಮಾನ ಮೂಲದಿಂದ ಹುಟ್ಟಿದವು ಎಂದೇ ಹೇಳಿದ್ದು.

ಇಷ್ಟರಿಂದಲೇ ಮೂಲಭಾಷೆಯ ಊರು ಹೊರಗಿತ್ತು ಎಂದು ಸಾಬೀತಾಗುವುದಿಲ್ಲ. ಆ ತಾಯಿಯೂ ಪಂಜಾಬಿನವಳೇ ಎನ್ನಬಹುದಲ್ಲ? ಅನ್ನಬಹುದು. ಆಗ ಎದುರಾಗುವ ತೊಡಕು ಬೇರೆ. ಫಿನ್ನಿಷ್ ಸಂಸ್ಕೃತದ ಕುಟುಂಬದ ಭಾಷೆಯೇ ಅಲ್ಲ. ಆದರೂ ಅದರಲ್ಲಿ ನೂರಕ್ಕೆ 'ಸತ', ಸುತ್ತಿಗೆಗೆ 'ವಸರ'; ನಮ್ಮ ಶತ, ವಜ್ರ. ಇಂಡೋ-ಇರಾನಿಯನ್ (ಸಂಸ್ಕೃತಕ್ಕೂ ಇರಾನಿನ ಭಾಷೆಗಳಿಗೂ ಹಿಂದಿನ ಸಮಾನ ಭಾಷೆ) ಆಡುವವರು ಉರಲ್ ಪರ್ವತಗಳ ಆಸುಪಾಸು ಬಹುಕಾಲ ನೆರೆಹೊರೆಯಾಗಿದ್ದರೆ ಮಾತ್ರ ಇಂಥ ಪದಗಳು ಸೇರಲು ಸಾಧ್ಯ. ಇನ್ನೊಂದು ಕಡೆ, ಋಗ್ವೇದದಲ್ಲಿ ದ್ರಾವಿಡ ಮೂಲದವೆಂದು ಅನೇಕರು ಗುರುತಿಸುವ ಮಯೂರ, ಖಲ (ಕಳ, ಕಣ) ಮುಂತಾದ ಪದಗಳಿವೆ. ಯುರೋಪಿನ ಶಾಖೆಗಳಲ್ಲಿ ಅಂಥ ಹಳೆಯ ಪದರವೇ ಇಲ್ಲ. ಎಲ್ಲ ಶಾಖೆಗಳೂ ಇಲ್ಲಿಂದಲೇ ಹೊರಟಿದ್ದರೆ ಒಂದಿಷ್ಟಾದರೂ ಮೈಗೆ ಅಂಟಿಕೊಂಡು ಹೋಗಬೇಕಿತ್ತು. ನಮ್ಮ ದೃಷ್ಟಿಯಲ್ಲಿ ಸ್ವದೇಶಿ ವಾದ ಇನ್ನೂ ತೃಪ್ತಿಕರವಾಗಿ ಉತ್ತರಿಸದ ಪ್ರಶ್ನೆ ಇದು.

ಪ್ರ: ರಾಖಿಗಢಿಯ ಡಿಎನ್‌ಎ "ಆರ್ಯರು ಇಲ್ಲಿಯವರೇ" ಎಂದು ಸಾಧಿಸಿತು ಎಂದು ಒಂದು ಪತ್ರಿಕೆ, "ವಲಸೆ ಸಾಬೀತು" ಎಂದು ಇನ್ನೊಂದು. ಒಂದೇ ವಾರದಲ್ಲಿ ಎರಡೂ ಹೇಗೆ? (ಮೈಸೂರು)

ಉ: 2019ರ ಸೆಪ್ಟೆಂಬರಿನಲ್ಲಿ ಒಂದರ ಹಿಂದೆ ಒಂದು ಪ್ರಕಟವಾದದ್ದು ಎರಡು ಪ್ರಬಂಧ. ಶೀರ್ಷಿಕೆ ಬರೆದವರು ತಮಗೆ ಬೇಕಾದ್ದನ್ನು ಹೆಕ್ಕಿಕೊಂಡರು.

ಮೊದಲನೆಯದು ಹರಿಯಾಣದ ರಾಖಿಗಢಿಯದು. 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದರೂ ಕೆಲಸಕ್ಕೆ ಬಂದದ್ದು ಒಬ್ಬಳೇ ಹೆಂಗಸಿನದು. ನಮ್ಮ ಸೆಖೆಯಲ್ಲಿ ಡಿಎನ್‌ಎ ಚೂರುಚೂರಾಗುತ್ತದೆ. ಒಳಗಿವಿಯನ್ನು ಸುತ್ತಿಕೊಂಡಿರುವ ಗಟ್ಟಿ ಮೂಳೆಯಲ್ಲಿ ಮಾತ್ರ ಅಷ್ಟಿಷ್ಟು ಉಳಿಯುವುದುಂಟು. ಆಕೆಯ ಮೂಳೆಯಿಂದಲೂ ನೂರಕ್ಕೂ ಹೆಚ್ಚು ಸಲ ಡಿಎನ್‌ಎ ಸಿದ್ಧಪಡಿಸಿ, ಸಿಕ್ಕಿದ ಚೂರುಗಳನ್ನು ಕೂಡಿಸಬೇಕಾಯಿತು. ಅವಳಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ, ಅಂದರೆ ಸ್ಟೆಪ್ಪಿ ಜನರ ಅಂಶ ಇರಲಿಲ್ಲ. ಎರಡನೆಯದು 523 ಪ್ರಾಚೀನ ವ್ಯಕ್ತಿಗಳ ಅಧ್ಯಯನ. ಕ್ರಿ.ಪೂ. 2000ದಿಂದ 1500ರ ನಡುವೆ ಸ್ಟೆಪ್ಪಿ ಅಂಶ ದಕ್ಷಿಣ ಏಷ್ಯಾಕ್ಕೆ ಬಂದು ಬೆರೆಯಿತು, ಇಂದಿನ ಭಾರತೀಯರಲ್ಲಿ ಅದು ಗುಂಪಿನಿಂದ ಗುಂಪಿಗೆ ಬೇರೆ, ಹೆಚ್ಚೆಂದರೆ ಸುಮಾರು ಶೇ. 30 ಎಂದು ಅದು ತೋರಿಸಿತು.

ಎರಡನ್ನೂ ಕಾಲಕ್ರಮದಲ್ಲಿ ಇಟ್ಟು ನೋಡಿ. ರಾಖಿಗಢಿಯ ಹೆಂಗಸು ಬದುಕಿದ್ದು ನಗರಗಳ ಉಚ್ಛ್ರಾಯ ಕಾಲದಲ್ಲಿ, ಆ ಬೆರಕೆಗೆ ಮುಂಚೆ. ಅವಳಲ್ಲಿ ಸ್ಟೆಪ್ಪಿ ಅಂಶ ಇಲ್ಲದಿರುವುದು ಎರಡನೇ ಪ್ರಬಂಧಕ್ಕೆ ವಿರೋಧವಲ್ಲ, ಪೂರಕ. ಅವಳ ವಂಶದ ಅಂಶ ಇಂದಿನ ಬಹುತೇಕ ಭಾರತೀಯರಲ್ಲಿ, ಕನ್ನಡಿಗರಲ್ಲೂ, ಹೇರಳವಾಗಿದೆ.

ಎಚ್ಚರ ಇರಬೇಕಾದ್ದು ಮುಂದಿನ ಹೆಜ್ಜೆಯಲ್ಲಿ. ಮೂಳೆ ಮಾತಾಡುವುದಿಲ್ಲ. ಸ್ಟೆಪ್ಪಿಯಿಂದ ಬಂದವರು ಯಾವ ಭಾಷೆ ಆಡಿದರು ಎಂಬುದು ಡಿಎನ್‌ಎಯಲ್ಲಿ ಬರೆದಿಲ್ಲ. ಅದು ಇಂಡೋ-ಆರ್ಯನ್, ಅಂದರೆ ಸಂಸ್ಕೃತದ ಶಾಖೆಯದು, ಎಂಬುದು ಭಾಷಾಶಾಸ್ತ್ರದ ಕಾಲಗಣನೆಯನ್ನೂ ಇದನ್ನೂ ಕೂಡಿಸಿ ಮಾಡಿದ ಅನುಮಾನ. ಸಂಶಯವಲ್ಲ, ಗುರುತುಗಳಿಂದ ತೆಗೆದ ತೀರ್ಮಾನ; ನ್ಯಾಯಶಾಸ್ತ್ರದ ಅರ್ಥದ ಅನುಮಾನ ಅನ್ನಿ. ಬಲವಾದದ್ದೇ, ಆದರೆ ಪ್ರತ್ಯಕ್ಷವಲ್ಲ.

ಪ್ರ: ವೇದ ಹೊಗಳುವ ಸರಸ್ವತಿ ಕ್ರಿ.ಪೂ. 1900ಕ್ಕೇ ಬತ್ತಿತ್ತು. ಹಾಗಾದರೆ ವೇದ ಅದಕ್ಕಿಂತ ಹಳೆಯದಾಗಲೇಬೇಕಲ್ಲ? (ಬಳ್ಳಾರಿ)

ಉ: ಸ್ವದೇಶಿ ವಾದದ ಅತ್ಯಂತ ಗಟ್ಟಿ ಪಟ್ಟು ಇದೇ. ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. 'ಶುಚಿರ್ಯತೀ ಗಿರಿಭ್ಯ ಆ ಸಮುದ್ರಾತ್', ಬೆಟ್ಟಗಳಿಂದ ಸಮುದ್ರದವರೆಗೆ ಶುಭ್ರವಾಗಿ ಹರಿಯುವವಳು, ಎನ್ನುತ್ತದೆ ಏಳನೇ ಮಂಡಲ (7.95.2). ಯಮುನೆಗೂ ಸಟ್ಲೆಜ್‌ಗೂ ನಡುವೆ ಈಗ ಮಳೆಗಾಲದಲ್ಲಿ ಮಾತ್ರ ನೀರು ಕಾಣುವ ಘಗ್ಗರ್-ಹಾಕ್ರಾ ಪಾತ್ರವೇ ಅದು ಎಂದು ಬಹುಪಾಲು ವಿದ್ವಾಂಸರ ಮತ. ಕಾಲಿಬಂಗಾನ್, ಬನವಾಲಿ ಇರುವುದು ಅದರ ದಂಡೆಯ ಮೇಲೇ.

ಪಾತ್ರದಲ್ಲಿ ಕೊರೆದು ತೆಗೆದ ಮರಳು ಏನು ಹೇಳುತ್ತದೆ? ಜಿರ್ಕಾನ್, ಅಭ್ರಕದ ಕಣಗಳ ವಯಸ್ಸು ನೋಡಿದರೆ ಮರಳು ಯಾವ ಬೆಟ್ಟದಿಂದ ಬಂತು ಎಂದು ತಿಳಿಯುತ್ತದೆ. ಕಣಕ್ಕೆ ಕೊನೆಯ ಸಲ ಬೆಳಕು ತಾಗಿದ್ದು ಯಾವಾಗ ಎಂದು ಅಳೆದರೆ ಮರಳು ಹೂತ ಕಾಲ ತಿಳಿಯುತ್ತದೆ. 2017ರ ಒಂದು ಅಧ್ಯಯನದಂತೆ ಸಟ್ಲೆಜ್ ಈ ಪಾತ್ರ ಬಿಟ್ಟು ಹೋಗಿ ಸುಮಾರು 8,000 ವರ್ಷ ಆಗಿದೆ. ಹರಪ್ಪದವರು ಊರು ಕಟ್ಟಿದ್ದು ದೊಡ್ಡ ನದಿ ಬಿಟ್ಟುಹೋದ ಕಣಿವೆಯಲ್ಲಿ, ಮಳೆನೀರಿನ ಹೊಳೆಯ ಪಕ್ಕ. 2019ರ ಇನ್ನೊಂದು ಅಧ್ಯಯನ ಒಪ್ಪುವುದಿಲ್ಲ. ಅದರ ಪ್ರಕಾರ 9,000ದಿಂದ 4,500 ವರ್ಷಗಳ ಹಿಂದಿನವರೆಗೆ ಸಟ್ಲೆಜ್‌ನ ಕವಲು ನೀರು ಸೇರಿ ಇಲ್ಲಿ ಹೊಳೆ ವರ್ಷವಿಡೀ ಹರಿಯುತ್ತಿತ್ತು. ಭೂವಿಜ್ಞಾನಿಗಳ ಜಗಳ ಇನ್ನೂ ಹರಿದಿಲ್ಲ.

ಋಗ್ವೇದವನ್ನೇ ಕೇಳಿದರೆ? ಮೂರನೇ ಮಂಡಲದ 33ನೇ ಸೂಕ್ತದಲ್ಲಿ ವಿಶ್ವಾಮಿತ್ರರು ಶುತುದ್ರಿ, ವಿಪಾಶ್ (ಬಿಯಾಸ್) ನದಿಗಳನ್ನು "ನಮ್ಮವರು ದಾಟುವವರೆಗೆ ತಗ್ಗಿ ಹರಿಯಿರಿ" ಎಂದು ಬೇಡುತ್ತಾರೆ. ಅಲ್ಲಿ ಅವೆರಡೂ ಜೊತೆಗೂಡಿ ಹರಿಯುತ್ತಿವೆ. ಅಂದರೆ ಸೂಕ್ತ ಕಟ್ಟುವ ಹೊತ್ತಿಗೇ ಸಟ್ಲೆಜ್ ಬಿಯಾಸ್ ಕಡೆಗೆ ತಿರುಗಿತ್ತು, ಸರಸ್ವತಿಗೆ ಅದರ ಮುಖ್ಯ ಹರಿವು ಸಿಗುತ್ತಿರಲಿಲ್ಲ. ಹಾಗಾದರೆ ಏಳನೇ ಮಂಡಲದ ಸರಸ್ವತಿಯ ವೈಭವ? ಸ್ತುತಿಯ ಅತಿಶಯೋಕ್ತಿಯೋ, ಹಳೆಯ ನೆನಪೋ, 'ಸಮುದ್ರ' ಎಂದರೆ ನೀರು ನಿಲ್ಲುವ ದೊಡ್ಡ ಕೆರೆಯೋ. ಒಬ್ಬೊಬ್ಬರದು ಒಂದೊಂದು ಅರ್ಥ. ವಲಸೆ ವಾದದವರು ಕೊಡುವ ಈ ಉತ್ತರಗಳಲ್ಲಿ ಯಾವುದೂ ನಮಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಪ್ರ: ಸಿನೌಲಿಯಲ್ಲಿ ರಥ ಸಿಕ್ಕಿದೆ. ನಮ್ಮ ಜಿಲ್ಲೆಯ ಹಳ್ಳೂರಿನಲ್ಲೇ ಕುದುರೆ ಮೂಳೆ ಸಿಕ್ಕಿದೆ. ಇನ್ನೇನು ಬೇಕು? (ಹಾವೇರಿ)

ಉ: ಋಗ್ವೇದದ ತುಂಬ ಕುದುರೆ, ರಥ; ಅವು ಇಲ್ಲಿ ಮೊದಲೇ ಇದ್ದವೇ ಎಂಬುದೇ ಈ ವಾದದ ತಿರುಳು. ರಥವೋ ಅಲ್ಲವೋ ತಿಳಿಯಲು ಗಾಲಿ ನೋಡಬೇಕು. 2018ರಲ್ಲಿ ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಸಿನೌಲಿಯಲ್ಲಿ ಸಿಕ್ಕಿದ ವಾಹನಗಳದ್ದು, ತಾಮ್ರದ ತ್ರಿಕೋನಗಳಿಂದ ಸಿಂಗರಿಸಿದ ಗಟ್ಟಿ ಹಲಗೆಯ ಗಾಲಿ. ಋಗ್ವೇದದ ಗಾಲಿಗೆ ಅರಗಳಿವೆ: 'ದ್ವಾದಶಾರಂ... ಚಕ್ರಂ' (1.164.11). ಹಲಗೆಯ ಗಾಲಿ ಭಾರ. ವೇಗಕ್ಕೆ ಅರದ ಗಾಲಿಯೇ ಬೇಕು. ಅಲ್ಲಿ ಕುದುರೆ ಮೂಳೆಯೂ ಸಿಕ್ಕಿಲ್ಲ. ಹಾಗಾಗಿ ರಥವೋ ಎತ್ತಿನ ಗಾಡಿಯೋ ಎಂಬ ವಾದ ನಡೆದೇ ಇದೆ. ಯಾರ ವಾಹನವಾದರೂ ಶೋಧ ಮಾತ್ರ ಅಪರೂಪದ್ದು.

ತುಂಗಭದ್ರಾ ದಂಡೆಯ ಹಳ್ಳೂರಿನ ಮೂಳೆಗಳನ್ನು ಕುದುರೆಯವೆಂದು ಗುರುತಿಸಿದವರು ಕೆ. ಆರ್. ಆಲೂರ. ಇಂಥ ಕಡೆ ಎರಡು ತೊಡಕು. ಕುದುರೆ, ಕತ್ತೆ, ಕಛ್‌ನ ಕಾಡುಕತ್ತೆ ಒಂದೇ ಜಾತಿಯ ಬಂಧುಗಳು. ಹಲ್ಲಿನ ಎನಾಮೆಲ್ ಮಡಿಕೆ, ಗೊರಸಿನ ಮೇಲಿನ ಮೂಳೆಯ ಅಳತೆಯಲ್ಲಷ್ಟೇ ವ್ಯತ್ಯಾಸ. ಗುಜರಾತಿನ ಸುರ್ಕೋಟಡಾದ ಮೂಳೆಗಳನ್ನು ಹಂಗೆರಿಯ ಶಾಂಡೋರ್ ಬೋಕೋನಿ ಕುದುರೆಯದೆಂದರು, ಅಮೆರಿಕದ ರಿಚರ್ಡ್ ಮೆಡೋ ಒಪ್ಪಲಿಲ್ಲ. ಎರಡನೆಯದು ಸ್ತರದ್ದು. ಇಲಿ ಬಿಲ ತೋಡಿದರೂ ಸಾಕು, ಮೇಲಿನ ಮೂಳೆ ಕೆಳಗಿನ ಪದರಕ್ಕೆ ಜಾರುತ್ತದೆ. ಆ ಮೂಳೆಗೇ ನೇರ ಕಾಲನಿರ್ಣಯ ಮಾಡದೆ ಇದಕ್ಕೆ ಪರಿಹಾರವಿಲ್ಲ. ಹಳ್ಳೂರಿನದು ಕುದುರೆಯೇ, ಕ್ರಿ.ಪೂ. ಎರಡನೇ ಸಹಸ್ರಮಾನದ ನಡುವಿನದೇ ಎಂದು ಒಪ್ಪಿದರೂ ವಲಸೆ ವಾದ ಉರುಳುವುದಿಲ್ಲ. 273 ಪ್ರಾಚೀನ ಕುದುರೆಗಳ ಡಿಎನ್‌ಎ ನೋಡಿದ 2021ರ ಅಧ್ಯಯನದ ಪ್ರಕಾರ ಇಂದಿನ ಸಾಕುಕುದುರೆಯ ತಳಿ ವೋಲ್ಗಾ-ಡಾನ್ ನದಿಗಳ ಕೆಳಭಾಗದ್ದು; ಹೊರಗೆ ಹರಡಿದ್ದು ಕ್ರಿ.ಪೂ. 2000ದ ಆಸುಪಾಸಿನಿಂದ. ಅಲ್ಲಿಂದ ಕೈಬದಲಾಗುತ್ತಾ ತುಂಗಭದ್ರೆ ಮುಟ್ಟಲು ಸಮಯ ಬೇಕಾದಷ್ಟಿತ್ತು.

ಅಂದಹಾಗೆ, 2000ನೇ ಇಸವಿಯ ಹೊತ್ತಿಗೆ ಸುದ್ದಿಯಾಗಿದ್ದ ಹರಪ್ಪ ಕಾಲದ 'ಕುದುರೆ ಮುದ್ರೆ'ಯನ್ನು ದಯವಿಟ್ಟು ಮತ್ತೆ ಕಳಿಸಬೇಡಿ. ಅದು ಮುಂಭಾಗ ಮುರಿದುಹೋದ ಮುದ್ರೆ. ಉಳಿದಿರುವುದು ಒಂಟಿಕೊಂಬಿನ ಗೂಳಿಯ ಹಿಂಭಾಗ.

ಪ್ರ: ಗ್ರಹನಕ್ಷತ್ರಗಳಿಂದ ವೇದಕಾಲವನ್ನು ನಿಖರವಾಗಿ ಹೇಳಬಹುದಂತೆ. ನಾವೇ ಲೆಕ್ಕ ಹಾಕಬಹುದೇ? (ಉಡುಪಿ)

ಉ: ಹಾಕಬಹುದು, ಮನೆಯ ಪಂಚಾಂಗ ಸಾಕು. ವೇದಕ್ಕೆ ಹೊಂದಿದ ಹಳೆಯ ಕಾಲಗಣನೆಯ ಗ್ರಂಥ ವೇದಾಂಗ ಜ್ಯೋತಿಷದಲ್ಲಿ ಉತ್ತರಾಯಣ ಧನಿಷ್ಠಾದ (ಆಗಿನ ಹೆಸರು ಶ್ರವಿಷ್ಠಾ) ಆದಿಯಲ್ಲಿ ಆಗುತ್ತದೆ. ಈಗ ನಿಜವಾದ ಉತ್ತರಾಯಣ ಡಿಸೆಂಬರ್ 21-22ಕ್ಕೆ, ಸೂರ್ಯ ಮೂಲಾ ನಕ್ಷತ್ರದಲ್ಲಿ ಸುಮಾರು 5.8 ಅಂಶ ದಾಟಿದಾಗ. ಒಂದು ನಕ್ಷತ್ರ 13 ಅಂಶ 20 ಕಲೆ. ಮೂಲಾದಲ್ಲಿ ಉಳಿದದ್ದು 7.5 ಅಂಶ, ಪೂರ್ವಾಷಾಢಾ, ಉತ್ತರಾಷಾಢಾ, ಶ್ರವಣ ಮೂರೂ ಸೇರಿ 40, ಒಟ್ಟು 47.5. ಅಯನ ಒಂದು ಅಂಶ ಹಿಂದೆ ಸರಿಯಲು ಸುಮಾರು 72 ವರ್ಷ. 47.5ನ್ನು 72ರಿಂದ ಗುಣಿಸಿದರೆ 3,420 ವರ್ಷ. ಬಂತು, ಕ್ರಿ.ಪೂ. 1400ರ ಆಸುಪಾಸು.

ಈಗ ತಪ್ಪುವುದು ಎಲ್ಲಿ ಎಂದು ನೋಡಿ. ಒಂದು ನಕ್ಷತ್ರವೆಂದರೆ 960 ವರ್ಷ. ಧನಿಷ್ಠಾದ ಆದಿ ಎಲ್ಲಿ ಎಂಬುದರಲ್ಲಿ ನಾಲ್ಕು ಅಂಶ ಆಚೀಚೆಯಾದರೆ ಮೂರು ಶತಮಾನಕ್ಕೆ ಹತ್ತಿರದ ವ್ಯತ್ಯಾಸ. ನಿಮ್ಮ ಪಂಚಾಂಗದ ಅಯನಾಂಶ (ಅಯನ ಎಷ್ಟು ಸರಿದಿದೆ ಎಂಬ ಎಣಿಕೆ) ಬೇರೆಯಾದರೂ ಉತ್ತರ ಬದಲಾಗುತ್ತದೆ. ಶತಪಥ ಬ್ರಾಹ್ಮಣದ 'ಕೃತ್ತಿಕೆಗಳು ಪೂರ್ವ ದಿಕ್ಕಿನಿಂದ ಕದಲುವುದಿಲ್ಲ' ಎಂಬ ಮಾತಿನಿಂದ ಶಂಕರ ಬಾಲಕೃಷ್ಣ ದೀಕ್ಷಿತರು ತೆಗೆದ ಕ್ರಿ.ಪೂ. 3000ದ ಲೆಕ್ಕವೂ ಗಣಿತದಲ್ಲಿ ಸರಿಯೇ. ಆದರೆ ಆ ಗ್ರಂಥದ ಭಾಷೆ ಋಗ್ವೇದಕ್ಕಿಂತ ಎಷ್ಟೋ ಈಚಿನದು. ನೋಡಿ ಬರೆದದ್ದೋ, ಕೇಳಿ ಉಳಿಸಿಕೊಂಡದ್ದೋ, ಮೂಡಲು ಎಂಬುದನ್ನು ಸುಮಾರಾಗಿ ಹೇಳಿದ್ದೋ ಎಂಬುದನ್ನು ಗಣಿತ ತೀರ್ಮಾನಿಸದು.

ಪ್ರ: ವೇದಕ್ಕೆ ಕಾರ್ಬನ್ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ? (ಬೆಂಗಳೂರು)

ಉ: ಬಾಯಿಪಾಠಕ್ಕೆ ಕಾರ್ಬನ್ ಎಲ್ಲಿಂದ ತರುವುದು? ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿರುವ ಹಳೆಯ ಋಗ್ವೇದ ಹಸ್ತಪ್ರತಿಯ ಕಾಲ ಕ್ರಿ.ಶ. 1464; ವಿಜಯನಗರದ ಸಾಯಣರ ಭಾಷ್ಯಕ್ಕಿಂತಲೂ ಈಚಿನದು. ಪಠ್ಯ ಕೆಡದೆ ಬಂದದ್ದು ಪದ, ಕ್ರಮ, ಜಟಾ, ಘನ ಪಾಠಗಳ ಕಟ್ಟುಪಾಡಿನಿಂದ. ಮ್ಯಾಕ್ಸ್ ಮುಲ್ಲರ್ ಹೇಳಿದ ಕ್ರಿ.ಪೂ. 1200 ಕೂಡ ಬುದ್ಧನ ಕಾಲದಿಂದ ಹಿಂದಕ್ಕೆ, ಒಂದೊಂದು ಪದರಕ್ಕೆ 200 ವರ್ಷ ಎಂದು ಅಂದಾಜಿಗೆ ಎಣಿಸಿದ್ದು. 1890ರ ಹೊತ್ತಿಗೆ ಅವರೇ ಅದನ್ನು ಕೈಬಿಟ್ಟರು, ಪಠ್ಯಪುಸ್ತಕಗಳು ಬಿಡಲಿಲ್ಲ.

ಪ್ರ: ಟರ್ಕಿಯಲ್ಲಿ ಇಂದ್ರ, ವರುಣರ ಹೆಸರಿರುವ ಒಪ್ಪಂದ ಸಿಕ್ಕಿದೆ ಎಂದು ಓದಿದೆ. ಇದು ಭಾರತದಿಂದ ಹೊರಗೆ ಹೋದದ್ದಕ್ಕೆ ಸಾಕ್ಷಿಯಲ್ಲವೇ? ನಮ್ಮ ಗ್ರಂಥಗಳಲ್ಲೇ ವಲಸೆಯ ಮಾತು ಎಲ್ಲಾದರೂ ಇದೆಯೇ? (ದುಬೈ)

ಉ: ಇಂದಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟ್ಟೈಟರಿಗೂ ಸಿರಿಯಾದ ಕಡೆಯ ಮಿತನ್ನಿ ರಾಜ್ಯಕ್ಕೂ ಆದ ಕ್ರಿ.ಪೂ. 14ನೇ ಶತಮಾನದ ಒಪ್ಪಂದ ಅದು. ಟರ್ಕಿಯ ಬೊಗಾಝ್‌ಕೋಯ್‌ನಲ್ಲಿ ಸಿಕ್ಕಿದ ಮಣ್ಣಿನ ಫಲಕಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಸಾಕ್ಷಿ ದೇವತೆಗಳು. ಅಲ್ಲೇ ಕಿಕ್ಕುಲಿ ಎಂಬ ಕುದುರೆ ಪಳಗಿಸುವವನ ಕೈಪಿಡಿಯಲ್ಲಿ ಕುದುರೆಯ ಒಂದು ಸುತ್ತು ಓಟಕ್ಕೆ 'ಐಕವರ್ತನ', ಐದಕ್ಕೆ 'ಪಂಜವರ್ತನ', ಏಳಕ್ಕೆ 'ಸತ್ತವರ್ತನ'. ಇರಾನಿನ ಭಾಷೆಯಾಗಿದ್ದರೆ ಒಂದಕ್ಕೆ 'ಐವ' ಇರುತ್ತಿತ್ತು. ಆದ್ದರಿಂದ ಇದು ನಮ್ಮ ಶಾಖೆಯದೇ. ಆದರೆ 'ಐಕ'ವನ್ನು ಗಮನಿಸಿ. ಋಗ್ವೇದದಲ್ಲಿ ಅದಾಗಲೇ 'ಏಕ'. ಐಕಾರ ಸವೆದು ಏಕಾರವಾಗುತ್ತದೆ, ಆ ಮಿತನ್ನಿ ರೂಪ ಅದಕ್ಕಿಂತ ಹಳೆಯದು. ಋಗ್ವೇದ ಆಡಿದವರೇ ಹೊರಟು ಹೋಗಿದ್ದರೆ 'ಏಕ'ವನ್ನು ಕೊಂಡೊಯ್ಯಬೇಕಿತ್ತು. ಸೂಕ್ತ ಕಟ್ಟಿದಾಗಲೂ 'ಐಕ'ವೇ ಇದ್ದು, ಮುಂದೆ ಪಾಠ ನಿಲ್ಲಿಸಿದವರ ಬಾಯಲ್ಲಿ 'ಏಕ'ವಾಯಿತು ಎಂದು ಇದಕ್ಕೆ ಪ್ರತಿವಾದವೂ ಇದೆ. ಅದು ಅಸಾಧ್ಯವೇನಲ್ಲ.

ಗ್ರಂಥಗಳ ವಿಷಯಕ್ಕೆ ಬಂದರೆ, ಹೊರಗಿನಿಂದ ಬಂದೆವು ಎಂದು ಋಗ್ವೇದ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಎರಡೂ ಪಕ್ಷ ಎಳೆದಾಡುವುದು ಬೌಧಾಯನ ಶ್ರೌತಸೂತ್ರದ ಒಂದು ಮಾತನ್ನು (18.44). 'ಪ್ರಾಙ್ ಆಯುಃ ಪ್ರವವ್ರಾಜ', ಆಯು ಪೂರ್ವಕ್ಕೆ ಹೊರಟ; ಅವನವರು ಕುರು-ಪಾಂಚಾಲರು, ಕಾಶಿ-ವಿದೇಹರು. ಮುಂದಿನದು 'ಪ್ರತ್ಯಙ್ ಅಮಾವಸುಃ', ಅಮಾವಸು ಪಶ್ಚಿಮಕ್ಕೆ. ಅವನವರು ಗಾಂಧಾರರು, ಪರ್ಶುಗಳು, ಅರಾಟ್ಟರು. ಹಿಂದಿನ ವಾಕ್ಯದ ಕ್ರಿಯಾಪದವನ್ನೇ ಎಳೆದುಕೊಂಡರೆ ಅವನೂ ಪಶ್ಚಿಮಕ್ಕೆ ಹೊರಟ ಎಂದಾಗುತ್ತದೆ, ಸ್ವದೇಶಿ ವಾದಕ್ಕೆ ಅನುಕೂಲ. 'ಅಮಾ' ಎಂದರೆ ಮನೆಯಲ್ಲಿ. ಹೆಸರಿನ ಆ ಅರ್ಥ ಹಿಡಿದರೆ ಅವನು ಪಶ್ಚಿಮದಲ್ಲೇ ಉಳಿದ, ಆಯು ಅಲ್ಲಿಂದ ಬಂದ ಎಂದಾಗುತ್ತದೆ, ವಲಸೆ ವಾದಕ್ಕೆ ಅನುಕೂಲ. ಸೂತ್ರಕಾರರು ಎರಡನೇ ವಾಕ್ಯಕ್ಕೆ ಕ್ರಿಯಾಪದ ಬರೆದಿಲ್ಲ.